ಎಮ್ಮೆ ಮಾರಿದ ದಿನ: ಮೊಬೈಲ್‌ನಲ್ಲಿ ಬರೆಯುವ ಹೈಸ್ಕೂಲು ಮಕ್ಕಳ ಕಥೆ ಎಲ್ಲಿ ತಡೆಯುತ್ತದೆ

ಶನಿವಾರ ನಮ್ಮಲ್ಲಿ ಬೆಳಗಿನ ಶಾಲೆ. ಕೊನೆಯ ಪೀರಿಯಡ್‌ನಲ್ಲಿ ನಾನು ಒಂಬತ್ತನೇ ತರಗತಿಯವರಿಂದ ಕಥೆ ಬರೆಸುತ್ತೇನೆ. ಮಂಡ್ಯ ಕಡೆಯ ಹಳ್ಳಿ ಶಾಲೆ. ಹೋದ ವರ್ಷ ಒಂದು ದಿನ "ಮನೆಯಿಂದ ಏನೋ ಒಂದು ಹೊರಟುಹೋದ ದಿನ" ಎಂದು ವಿಷಯ ಕೊಟ್ಟಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಹೀಗೆ ಬರೆದು ತಂದ:

"ನಮ್ಮ ಎಮ್ಮೆ ಮಾರಿದ್ವಿ. ಅಜ್ಜಿ ತುಂಬಾ ಅತ್ತರು. ನನಗೂ ಫುಲ್ ಫೀಲ್ ಆಯ್ತು. ಮಿಸ್ ಯು ಎಮ್ಮೆ."

ಕೆಳಗೆ ಪೆನ್ನಿನಲ್ಲೇ ಬಿಡಿಸಿದ ಒಂದು ಅಳುವ ಮುಖ. ಪಕ್ಕದಲ್ಲಿ ಕೆಂಪು ಇಂಕಿನ ಒಡೆದ ಹೃದಯ. ಅಷ್ಟೇ.

ಅವನು ಸುಮ್ಮನೆ ಗೀಚಿ ತಂದಿರಲಿಲ್ಲ. ನಿಜವಾಗಿಯೂ ಅವನಿಗೆ ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಆ ಬೇಜಾರು ಕಾಗದದ ಮೇಲೆ ಬಂದಿರಲಿಲ್ಲ. "ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಏನಿದೆ?" ಎಂದು ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಗೂಟ ಹಂಗೇ ಅದೆ ಮೇಡಂ. ಅಜ್ಜಿ ಬೆಳಿಗ್ಗೆ ಎದ್ದು ಮಂಕರಿ ತಕಂಡು ಕೊಟ್ಟಿಗೆಗೆ ಹೋಯ್ತದೆ. ಅಲ್ಲಿ ನಿಂತ್ಕಂಡು ನೋಡ್ಬುಟ್ಟು ಸುಮ್ನೆ ವಾಪಸ್ ಬತ್ತದೆ."

ಸಗಣಿ ಬಾಚಲು ಹೋದ ಅಜ್ಜಿ ಖಾಲಿ ಮಂಕರಿ ಹಿಡಿದು ಬರುತ್ತಾಳೆ. ಕಥೆ ಅಲ್ಲೇ ಇತ್ತು, ಅವನ ಬಾಯಲ್ಲೇ ಇತ್ತು. "ಇದನ್ನು ಯಾಕೆ ಬರೆಯಲಿಲ್ಲ?" ಎಂದರೆ ಅವನು ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಕಾಡಿತು. "ಅದನ್ನೂ ಬರೀಬೇಕಾ ಮೇಡಂ? ಗೊತ್ತಾಗುತ್ತಲ್ಲ."

ಸೋಷಿಯಲ್ ಮೀಡಿಯಾದಿಂದ ಹೈಸ್ಕೂಲು ಮಕ್ಕಳ ಬರವಣಿಗೆಗೆ ಏನಾಗುತ್ತಿದೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಈ "ಗೊತ್ತಾಗುತ್ತಲ್ಲ" ಎಂಬ ಮಾತಿನಲ್ಲೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಈಗಿನ ಮಕ್ಕಳು ನಾವು ಆ ವಯಸ್ಸಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಬರೆಯುತ್ತಾರೆ. ನಾವು ನೋಟ್ಸ್ ಬರೆದೆವು, ಪರೀಕ್ಷೆ ಬರೆದೆವು, ವರ್ಷಕ್ಕೊಮ್ಮೆ ಮಾವನಿಗೋ ಚಿಕ್ಕಮ್ಮನಿಗೋ ಒಂದು ಕಾಗದ ಹಾಕಿದೆವು. ಇವರು ದಿನಕ್ಕೆ ನೂರಾರು ಮೆಸೇಜ್ ಕಳಿಸುತ್ತಾರೆ. ಹಳ್ಳಿ ಮಕ್ಕಳೂ ಇದರಿಂದ ಹೊರಗಿಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆ 2023ರಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ಮಾತಾಡಿಸಿತು. 26 ರಾಜ್ಯಗಳ 28 ಜಿಲ್ಲೆಗಳು, ನಮ್ಮ ರಾಜ್ಯದಿಂದ ಮೈಸೂರು. ಸ್ಮಾರ್ಟ್‌ಫೋನ್ ಬಳಸಲು ಗೊತ್ತಿದ್ದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಅದರ ಹಿಂದಿನ ವಾರ ಸೋಷಿಯಲ್ ಮೀಡಿಯಾ ನೋಡಿದ್ದರು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಆ ವಯಸ್ಸಿನ ಸುಮಾರು ಕಾಲು ಭಾಗ ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಆಗಲಿಲ್ಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಂಕಟವಾಗುತ್ತದೆ. ಕ್ಲಾಸಿನಲ್ಲಿ ಈ ಎರಡೂ ಅಂಕಿಗಳ ಮಕ್ಕಳು ನನ್ನ ಮುಂದೆಯೇ ಕೂತಿರುತ್ತಾರೆ.

ಹಾಗಾದರೆ ದಿನವಿಡೀ ಬರೆಯುವವರಿಗೆ ಕಥೆ ಯಾಕೆ ಬರುವುದಿಲ್ಲ?

ಚಾಟ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಒಬ್ಬ ಬರೆಯುತ್ತಾನೆ: "ಅದೇ ಆಯ್ತು ಕಣೋ." ಇನ್ನೊಬ್ಬ: "ಅಯ್ಯೋ, ಅವನೇನಂದ?" "ಆವತ್ತು ಅಂದಿದ್ನಲ್ಲ, ಅದೇ." ಮೂರು ಸಾಲು ಮುಗಿಯಿತು. ಅವರಿಬ್ಬರಿಗೆ ಎಲ್ಲವೂ ಅರ್ಥವಾಯಿತು, ನಮಗೆ ಏನೂ ಆಗಲಿಲ್ಲ. ಅದೇ, ಅವನು, ಆವತ್ತು, ಅಲ್ಲಿ. ಚಾಟ್ ನಡೆಯುವುದೇ ಈ ಬೆರಳು ತೋರಿಸುವ ಪದಗಳ ಮೇಲೆ. ಓದುವವನಿಗೆ ಆ ಮನೆ ಗೊತ್ತು, ಆ ಅವನು ಯಾರೆಂದು ಗೊತ್ತು, ಹಿಂದೆ ನಡೆದ ಜಗಳವೂ ಗೊತ್ತು. ಬಿಡಿಸಿ ಬರೆದರೆ ಅಲ್ಲಿ ವಿಚಿತ್ರವಾಗಿ ಕಾಣುತ್ತದೆ. ಚಾಟ್‌ನಲ್ಲಿ ಇದು ತಪ್ಪೂ ಅಲ್ಲ. ಗೆಳೆಯರ ನಡುವಿನ ಮಾತು ಯಾವ ಕಾಲದಲ್ಲೂ ಹೀಗೇ ಇತ್ತು.

ಕಥೆಯನ್ನು ಓದುವವರು ಮಾತ್ರ ಅಪರಿಚಿತರು. ಅವರು ನಿಮ್ಮ ಕೊಟ್ಟಿಗೆ ನೋಡಿಲ್ಲ. ಎಮ್ಮೆ ಹೋಯಿತು ಎನ್ನುವ ಮೊದಲು ಎಮ್ಮೆಯನ್ನು ಅವರ ಕಣ್ಣ ಮುಂದೆ ತಂದು ಕಟ್ಟಬೇಕು. ಅದಕ್ಕೊಂದು ಕೊಂಬು, ಒಂದು ಚಾಳಿ, ಅಜ್ಜಿ ಕರೆಯುವ ಒಂದು ಹೆಸರು ಕೊಡಬೇಕು. ಆಮೇಲೆ ಬಿಚ್ಚಿಕೊಂಡು ಹೋಗಬೇಕು. ನನ್ನ ಮಕ್ಕಳ ಕಥೆಗಳು "ಆವತ್ತು ನಾವು ಅಲ್ಲಿಗೆ ಹೋದ್ವಿ" ಎಂದು ಶುರುವಾಗುವುದನ್ನು ಎಷ್ಟು ಸಲ ನೋಡಿದ್ದೇನೋ. ಎಲ್ಲಿಗೆ? ಯಾವತ್ತು? ಹಾಗೆ ಬರೆಯುವ ಮಗುವಿಗೆ ಕಲ್ಪನೆ ಇಲ್ಲ ಎಂದುಕೊಳ್ಳಬೇಡಿ. ಓದುವವರು ಪಕ್ಕದಲ್ಲೇ ಕೂತಿದ್ದಾರೆ ಎಂಬ ಅಭ್ಯಾಸ ಅದಕ್ಕೆ ಬಲವಾಗಿ ಅಂಟಿದೆ.

ರೀಲ್ಸ್‌ನಲ್ಲಿ ನೋಡುವವರು ಅಪರಿಚಿತರೇ ಅಲ್ವಾ ಎಂದು ನೀವು ಕೇಳಬಹುದು. ಹೌದು. ಆದರೆ ಅಲ್ಲಿ ತೋರಿಸುವ ಕೆಲಸ ಕ್ಯಾಮೆರಾದ್ದು. ಮಳೆ ಬಂತು ಎನ್ನಲು ಮಳೆಯನ್ನೇ ತೋರಿಸಿದರೆ ಸಾಕು. ಹಿಂದೆ ಒಂದು ಹಾಡು ಹಾಕಿದರೆ ಅದು ಸಂತೋಷದ ಮಳೆಯೋ ದುಃಖದ ಮಳೆಯೋ ಎಂದೂ ಗೊತ್ತಾಗುತ್ತದೆ. ಪದಗಳಿಗೆ ಉಳಿಯುವುದು ಮೇಲಿನ ಒಂದು ಸಾಲು ಮಾತ್ರ. ಇನ್ನು ಸ್ಟೇಟಸ್‌ಗೆ ಹಾಕುವ ಎರಡು ಸಾಲಿನ ಕವನಗಳು. "ನಂಬಿದವರೇ ಕೈ ಬಿಟ್ಟರು" ಎನ್ನುವಂಥವು. ಯಾರು ನಂಬಿದರು, ಯಾರು ಬಿಟ್ಟರು, ಯಾವ ಬಸ್‌ಸ್ಟ್ಯಾಂಡಿನಲ್ಲಿ? ಏನೂ ಇಲ್ಲ. ಯಾರ ಜೀವನಕ್ಕೆ ಬೇಕಾದರೂ ಹೊಂದಬೇಕು ಎಂದೇ ಅದರಿಂದ ವಿವರ ತೆಗೆದಿರುತ್ತಾರೆ. ಹೆಚ್ಚು ಜನ ಹಂಚಿಕೊಳ್ಳಲಿ ಎಂಬುದು ಅದರ ಗುರಿ, ಕಥೆ ಕವಿತೆ ಇರುವುದು ವಿವರದಲ್ಲಿ. ಎರಡರ ದಾರಿಯೇ ಬೇರೆ.

ಹೀಗೆ ಮೂರು ಕಡೆಯಿಂದ ಒಂದೇ ಕೆಲಸ ತಪ್ಪುತ್ತಿದೆ. ಚಾಟ್‌ನಲ್ಲಿ ಓದುವವನಿಗೆ ಮೊದಲೇ ಗೊತ್ತು, ರೀಲ್ಸ್‌ನಲ್ಲಿ ಕ್ಯಾಮೆರಾ ತೋರಿಸುತ್ತದೆ, ಸ್ಟೇಟಸ್‌ನಲ್ಲಿ ವಿವರವೇ ಬೇಡ. ಕಣ್ಣಿಗೆ ಕಂಡದ್ದನ್ನು ಪದದಲ್ಲಿ ತೋರಿಸುವ ಅಭ್ಯಾಸ ಮಗುವಿಗೆ ಎಲ್ಲಿಯೂ ಆಗುತ್ತಿಲ್ಲ. ಇಮೋಜಿಯನ್ನು ನಾನು ಬೈಯುವುದಿಲ್ಲ. ಎದುರಿಗಿದ್ದಾಗ ಮುಖ ಮಾಡುತ್ತಿದ್ದ ಕೆಲಸವನ್ನು ಅದು ದೂರದಿಂದ ಮಾಡುತ್ತದೆ. ಆದರೆ ಸುಸ್ತಾದ ಅಮ್ಮ ಅಳುವುದಕ್ಕೂ, ಐಸ್‌ಕ್ರೀಮ್ ಸಿಗದ ತಮ್ಮ ಅಳುವುದಕ್ಕೂ ಅದರಲ್ಲಿ ಇರುವುದು ಒಂದೇ ಮುಖ.

ಈಗ ಇನ್ನೊಂದು ಬದಿ. ಇದನ್ನು ಹೇಳದಿದ್ದರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಮಕ್ಕಳ ಕಥೆಯಲ್ಲಿ ಸಂಭಾಷಣೆ ಈಗ ಬಹಳ ಚೆನ್ನಾಗಿದೆ. ಇಪ್ಪತ್ತು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಮಕ್ಕಳು ಪ್ರಬಂಧದಲ್ಲಿ "ಪ್ರಾತಃಕಾಲದಲ್ಲಿ ಸೂರ್ಯನು ಉದಯಿಸಿದನು" ಎಂದು ಬರೆಯುತ್ತಿದ್ದರು. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಡಬ್ಬ, ಅದರೊಳಗೆ ಗೈಡಿನಿಂದ ಇಳಿಸಿದ ಮಾತು. ಗಾದೆ ವಿಸ್ತರಣೆಯೂ ಅಷ್ಟೇ, ಬಾಯಿಪಾಠ. ಅದನ್ನು ಸೃಜನಶೀಲ ಬರವಣಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೊಬೈಲ್ ಬಂದು ಹಳೆಯ ಒಳ್ಳೆಯದನ್ನೆಲ್ಲ ಹಾಳು ಮಾಡಿತು ಎನ್ನುವವರು ಆ ಕಾಲದ ಉತ್ತರಪತ್ರಿಕೆಗಳನ್ನು ಒಮ್ಮೆ ತೆಗೆದು ನೋಡಬೇಕು.

ಈಗಿನ ಮಗು ಮಾತನ್ನು ಮಾತಿನ ಹಾಗೇ ಬರೆಯುತ್ತದೆ. ಮಂಡ್ಯದ ಮಗು "ಬತ್ತದೆ, ಹೋಯ್ತದೆ" ಎಂದು ಬರೆಯಲು ನಾಚುವುದಿಲ್ಲ. ಯಾಕೆಂದರೆ ರೀಲ್ಸ್‌ನಲ್ಲಿ ಧಾರವಾಡದವರು, ಮಂಗಳೂರಿನವರು, ಮಂಡ್ಯದವರು ತಮ್ಮ ತಮ್ಮ ಕನ್ನಡದಲ್ಲೇ ಮಾತಾಡಿ ಲಕ್ಷಗಟ್ಟಲೆ ಜನರಿಂದ ಮೆಚ್ಚುಗೆ ಪಡೆಯುವುದನ್ನು ಅವರು ದಿನಾ ನೋಡುತ್ತಾರೆ. ನಮ್ಮ ಮಾತಿಗೂ ಬೆಲೆ ಇದೆ ಎಂದು ಅವರಿಗೆ ಪಾಠ ಮಾಡಿ ತಿಳಿಸಬೇಕಾಗಿಲ್ಲ. ಯಾರು ಯಾವಾಗ ಸುಮ್ಮನಾಗಬೇಕು, ಎಲ್ಲಿ ಒಂದೇ ಪದದ ಉತ್ತರ ಸಾಕು ಎಂಬುದೂ ಚಾಟ್ ಮಾಡಿ ಮಾಡಿ ಅವರಿಗೆ ತಾನಾಗಿ ಬಂದಿದೆ. "ಹೂಂ" ಎಂಬ ಒಂದೇ ಮಾತಿನಲ್ಲಿ ಸಿಟ್ಟನ್ನು ತೋರಿಸುವುದು ನನ್ನ ಎಂಟನೇ ತರಗತಿಯವರಿಗೆ ಗೊತ್ತು.

ಇದರ ಬಗ್ಗೆ ಹೊರದೇಶಗಳಲ್ಲಿ ಒಂದಷ್ಟು ಅಧ್ಯಯನ ಆಗಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2008ರಲ್ಲಿ ಹದಿಹರೆಯದವರನ್ನು ಕೇಳಿದಾಗ ಶೇ 60ರಷ್ಟು ಮಂದಿ ಮೆಸೇಜು, ಮೇಲ್‌ಗಳನ್ನು ತಾವು "ಬರವಣಿಗೆ" ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದರು. ಆದರೆ ಆ ಶೈಲಿ ಶಾಲೆಯ ಬರಹಕ್ಕೂ ನುಸುಳಿದೆ ಎಂದು ಶೇ 64ರಷ್ಟು ಮಂದಿ ಒಪ್ಪಿಕೊಂಡರು. ನನ್ನ ಹುಡುಗ ಪೆನ್ನಿನಲ್ಲಿ ಬಿಡಿಸಿದ ಅಳುವ ಮುಖ ಇದೇ ಅಲ್ವಾ. ಅದೇ ಸಂಸ್ಥೆ 2013ರಲ್ಲಿ 2,462 ಶಿಕ್ಷಕರ ಅಭಿಪ್ರಾಯ ಪ್ರಕಟಿಸಿತು. ಡಿಜಿಟಲ್ ಸಾಧನಗಳಿಂದ ಮಕ್ಕಳ ಬರಹ ಹೆಚ್ಚು ಜನಕ್ಕೆ ತಲುಪುತ್ತದೆ ಎಂದು ಶೇ 96ರಷ್ಟು ಶಿಕ್ಷಕರು ಒಪ್ಪಿದರು. ಸೃಜನಶೀಲತೆಗೆ ಪ್ರೋತ್ಸಾಹ ಸಿಗುತ್ತದೆ ಎಂದವರು ಶೇ 78. ಮಕ್ಕಳು ಅಡ್ಡದಾರಿ ಹಿಡಿಯುತ್ತಾರೆ, ಬರಹಕ್ಕೆ ಶ್ರಮ ಹಾಕುವುದಿಲ್ಲ ಎಂದವರು ಶೇ 68. ಒಬ್ಬರೇ ಶಿಕ್ಷಕರು ಎರಡನ್ನೂ ಹೇಳಿದ್ದಾರೆ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾನೂ ಹಾಗೇ ಹೇಳುತ್ತಿದ್ದೆ.

ಭಾಷೆಯೇ ಕೆಡುತ್ತದೆ ಎಂಬ ಭಯಕ್ಕೆ ಆಧಾರ ಕಮ್ಮಿ. ಅಮೆರಿಕದ ಕಾಲೇಜು ಮೊದಲ ವರ್ಷದವರ ಪ್ರಬಂಧಗಳಲ್ಲಿ ತಪ್ಪು ಎಣಿಸಿದ ಅಧ್ಯಯನಗಳಿವೆ. 1917ರಲ್ಲಿ ನೂರು ಪದಕ್ಕೆ ಎರಡರ ಆಸುಪಾಸು ತಪ್ಪು. 2006ರಲ್ಲೂ ಎರಡಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬ್ರಿಟನ್ನಿನ ಕೊವೆಂಟ್ರಿ ವಿಶ್ವವಿದ್ಯಾಲಯದವರು 10ರಿಂದ 12 ವರ್ಷದ 88 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಸೇಜ್‌ಗಳಲ್ಲಿ ಪದ ಮುರಿದು ಆಟವಾಡುವ ಮಕ್ಕಳೇ ಓದುವುದರಲ್ಲಿ ಮುಂದಿದ್ದರು. ಇಂಗ್ಲಿಷಿನಲ್ಲಿ ಹಾಗೆ ಪದ ಮುರಿಯಬೇಕಾದರೆ ಅದರ ಧ್ವನಿ ಚೆನ್ನಾಗಿ ಗೊತ್ತಿರಬೇಕಾಗುತ್ತದೆ.

ಇದನ್ನು ಹಾಗೇ ಕನ್ನಡಕ್ಕೆ ತಂದು ಸಮಾಧಾನ ಪಡಲು ನನಗೆ ಆಗುವುದಿಲ್ಲ. ನಮ್ಮ ಕಷ್ಟ ಬೇರೆ. ನಮ್ಮ ಮಕ್ಕಳು ಪದ ಮುರಿಯುವುದಿಲ್ಲ, ಇಡೀ ಭಾಷೆಯನ್ನೇ ಬೇರೆ ಲಿಪಿಗೆ ಹಾಕುತ್ತಾರೆ. ಈ ರೂಢಿ ಎಸ್ಎಂಎಸ್ ಕಾಲದ್ದು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿಯುತ್ತಿತ್ತು, ಕನ್ನಡ ಲಿಪಿಯಾದರೆ ಬರೀ 70. ಒತ್ತಕ್ಷರ, ಗುಣಿತದ ಗುರುತು ಎಲ್ಲವೂ ಅದರೊಳಗೇ ಲೆಕ್ಕ. ಎಷ್ಟೋ ಫೋನ್‌ಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಹಾಗಾಗಿ ನಾವೇ, ದೊಡ್ಡವರೇ, ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ" ಎಂದು ಬರೆಯಲು ಶುರು ಮಾಡಿದೆವು. ಈಗ ಸ್ಮಾರ್ಟ್‌ಫೋನ್‌ಗಳಲ್ಲಿ ಕನ್ನಡ ಕೀಬೋರ್ಡ್ ಇದೆ. ರೂಢಿ ಮಾತ್ರ ಹೋಗಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಹುಲಿ ಮತ್ತು ಹುಳಿ ಒಂದೇ. ಕಲ್ಲು, ಕಳ್ಳು ಒಂದೇ. "ಅಜ್ಜಿ ಮನೆ ಮೇಲೆ ಕೂತಳು" ಎಂದರೆ ಮನೆಯೋ ಮಣೆಯೋ ನೀವೇ ಊಹಿಸಬೇಕು. ಗೆಳೆಯ ಊಹಿಸುತ್ತಾನೆ, ಅವನಿಗೆ ಗೊತ್ತಲ್ಲ! ಇಲ್ಲೂ ಅದೇ ಕಥೆ. ಲ, ಳ ತಪ್ಪು ಮೊಬೈಲ್ ಬರುವ ಮೊದಲೂ ಇತ್ತು, ಅದನ್ನು ಫೋನಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ವ್ಯತ್ಯಾಸವನ್ನು ದಿನಾ ಕೈಯಿಂದ ಬರೆದು ಗಟ್ಟಿ ಮಾಡಿಕೊಳ್ಳುವ ಅವಕಾಶ ಕಮ್ಮಿಯಾಗಿದೆ. ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಚಾಟ್ ಮಾಡಿ, ಕನ್ನಡ ಅಕ್ಷರದಲ್ಲಿ ಮಾಡಿ. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಸಲೀಸು.

2017ರಿಂದ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯವೂ ಇದೆ. ಬರೆಯಲು ಹೆದರುವ ಮಗುವಿಗೆ ಇದು ದೊಡ್ಡ ಊರುಗೋಲು. ಎಮ್ಮೆಯ ಹುಡುಗನಂಥವರು ಮೊದಲು ಕಥೆಯನ್ನು ಫೋನಿಗೆ ಹೇಳಲಿ, ತೆರೆಯ ಮೇಲೆ ಬಂದದ್ದನ್ನು ನೋಡಿಕೊಂಡು ಕಾಗದದ ಮೇಲೆ ಬರೆಯಲಿ. ಬಾಯಲ್ಲಿ ಇದ್ದ ಕಥೆ ಕೈಗೆ ಇಳಿಯುವಾಗ ಸೋರಿಹೋಗುವುದು ಹೀಗೆ ಮಾಡಿದರೆ ತಪ್ಪುತ್ತದೆ.

ಇನ್ನೊಂದು ನಷ್ಟ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ತಿದ್ದುವುದು. ಸ್ಟೇಟಸ್, ಸ್ಟೋರಿ ಎಲ್ಲ 24 ಗಂಟೆಗೆ ಮಾಯ. ನಾಳೆ ಇರದ ಬರಹವನ್ನು ಇವತ್ತು ಯಾರು ತಿದ್ದುತ್ತಾರೆ? ಲೈಕ್ ಬರುವುದೂ ಅಷ್ಟರೊಳಗೇ. ಬರೆದ ಕ್ಷಣವೇ ಬರಹದ ಆಯಸ್ಸು ಮುಗಿಯುತ್ತಾ ಬರುತ್ತದೆ. ಹಿಂದೆ ಶಾಲೆಗಳಲ್ಲಿ ಕೈಬರಹದ ಗೋಡೆ ಪತ್ರಿಕೆ ಇರುತ್ತಿತ್ತು. ಒಂದು ತಿಂಗಳು ಗೋಡೆಯ ಮೇಲೆ ಇರುತ್ತದೆ, ಹೆಡ್‌ಮಾಸ್ಟರ್ ನೋಡುತ್ತಾರೆ, ಊರಿನವರು ನೋಡುತ್ತಾರೆ ಎಂದು ಮೂರು ಸಲ ಕಚ್ಚಾ ಪ್ರತಿ ಮಾಡುತ್ತಿದ್ದೆವು. ಮೂರನೆಯ ಸಲ ಬರೆಯುವಾಗಲೇ ನಮಗೆ ನಿಜವಾಗಿ ಹೇಳಬೇಕಾದ್ದು ಏನೆಂದು ಹೊಳೆಯುತ್ತಿತ್ತು.

ಎಲ್ಲ ಆ್ಯಪ್‌ಗಳೂ ಒಂದೇ ಥರ ಅಲ್ಲ. ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಕನ್ನಡದ ಧಾರಾವಾಹಿ ಕಥೆಗಳು ಬರುತ್ತವೆ. ಕೆನಡಾದಲ್ಲಿ 2006ರಲ್ಲಿ ಹುಟ್ಟಿದ ವಾಟ್‌ಪ್ಯಾಡ್‌ನಲ್ಲಿ ಹದಿಹರೆಯದವರೇ ಬರೆದ ರಾಶಿ ರಾಶಿ ಕಥೆಗಳಿವೆ. ಅಲ್ಲಿ ಕಂತು ಕಂತಾಗಿ ಬರೆಯಬೇಕು. "ಮುಂದೇನಾಯ್ತು?" ಎಂದು ಯಾರೋ ಕೇಳುತ್ತಾರೆ. "ಅವಳು ಯಾಕೆ ಹಾಗೆ ಮಾಡಿದಳು, ನನಗೆ ಅರ್ಥ ಆಗಲಿಲ್ಲ" ಎಂದು ಇನ್ಯಾರೋ ಬರೆಯುತ್ತಾರೆ. ಆ ಒಂದು "ಅರ್ಥ ಆಗಲಿಲ್ಲ" ಎಂಬ ಮಾತಿಗೆ ನಾನು ಕೊಡುವ ಬೆಲೆ ದೊಡ್ಡದು. ನೂರು ಹೃದಯದ ಗುರುತು ಕಲಿಸದ್ದನ್ನು ಅದು ಕಲಿಸುತ್ತದೆ. ಹೀಗೆ ಎಂಟು ಕಂತು ಬರೆದು ಮುಗಿಸಿದ ಹತ್ತನೇ ತರಗತಿಯ ಒಬ್ಬ ಹುಡುಗಿ ನನ್ನ ಬಳಿ ಇದ್ದಳು. ಕಥೆ ಸಿನಿಮಾದ ಹಾಗಿತ್ತು, ಪರವಾಗಿಲ್ಲ. ಕಥೆಯ ನಡುಭಾಗವನ್ನು ಹೊತ್ತು ನಡೆಸುವುದು ಅವಳಿಗೆ ಬಂದಿತ್ತು. ಉಳಿದ ಮಕ್ಕಳು ಶುರು ಮಾಡಿ, ನೇರ ಕೊನೆಗೆ ಹಾರುತ್ತಾರೆ.

ಹಾಗಾಗಿ ಫೋನ್ ಕಿತ್ತುಕೊಳ್ಳುವ ಮಾತು ನಾನು ಆಡುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ಬೇಡ ಎಂದಿದೆ. ಅದಕ್ಕೆ ಬೇರೆ ಕಾರಣಗಳಿವೆ, ಅದು ಬೇರೆ ಚರ್ಚೆ. ಬರವಣಿಗೆಯ ಮಟ್ಟಿಗೆ ಹೇಳುವುದಾದರೆ ಮಗುವಿಗೆ ಬೇಕಾದದ್ದು ಒಬ್ಬ ಅಪರಿಚಿತ ಓದುಗ.

ಅಂಥ ಓದುಗನನ್ನು ಹುಡುಕಿಕೊಡಲು ನಾನು ಒಂದು ದಾರಿ ಹಿಡಿದೆ. ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ನನ್ನ ಗೆಳತಿಯೂ ಕನ್ನಡ ಟೀಚರ್. ಇಬ್ಬರೂ ಮಾತಾಡಿಕೊಂಡು 50 ಪೈಸೆಯ ಪೋಸ್ಟ್ ಕಾರ್ಡ್ ತರಿಸಿದೆವು. ನಮ್ಮ ಮಕ್ಕಳು ಅವಳ ಮಕ್ಕಳಿಗೆ, ಅವರು ಇವರಿಗೆ. ಕಾರ್ಡಿನಲ್ಲಿ ಹಿಡಿಯುವಷ್ಟೇ ಜಾಗ, ಹಾಗಾಗಿ ಮೊಬೈಲ್ ಕಲಿಸಿದ ಚುಟುಕುತನ ಇಲ್ಲಿ ಕೆಲಸಕ್ಕೆ ಬಂತು. ನಿಯಮ ಎರಡೇ. ಮುಖ ಬಿಡಿಸುವಂತಿಲ್ಲ. "ಅದೇ" ಎಂದು ಬರೆಯುವಂತಿಲ್ಲ. ಕಾರ್ಡಿಗೆ ಇಳಿಸುವ ಮೊದಲು ಕಚ್ಚಾ ಪ್ರತಿ ಬರೆದು, ಎರಡು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು, ಮತ್ತೆ ಓದಬೇಕು.

ಮೊದಲ ವಾರ ಒದ್ದಾಡಿದರು. ಅಳುವ ಮುಖ ಹಾಕದೆ ಅಳುವುದು ಹೇಗೆ ಬರೆಯುವುದು ಮೇಡಂ ಎಂದರು. ಅಳುವವರು ಕೈಯಲ್ಲಿ ಏನು ಮಾಡುತ್ತಿದ್ದರು ನೆನಪು ಮಾಡಿಕೊಳ್ಳಿ ಎಂದೆ. ಒಬ್ಬ ಹುಡುಗಿ "ಅಮ್ಮ ಒಲೆ ಹತ್ತಿಕೊಂಡಿದ್ದರೂ ಊದುತ್ತಲೇ ಇದ್ದರು" ಎಂದು ಬರೆದಳು. ಕ್ಲಾಸ್ ಒಂದು ಗಳಿಗೆ ಸುಮ್ಮನಾಯಿತು.

ಎಮ್ಮೆಯ ಹುಡುಗನ ಕಾರ್ಡು ಹೀಗಿತ್ತು:

"ನಮ್ಮ ಎಮ್ಮೆಗೆ ಒಂದು ಕೊಂಬು ಕೆಳಕ್ಕೆ ಬಾಗಿತ್ತು. ಅಜ್ಜಿ ಅದನ್ನ ಕೆಂಚಿ ಅಂತ ಕರೀತಿದ್ರು. ಯಾಕೆ ಅಂತ ಗೊತ್ತಿಲ್ಲ, ಅದು ಕಪ್ಪಗೇ ಇತ್ತು. ಸೋಮವಾರ ವ್ಯಾಪಾರದವನು ಹಗ್ಗ ಬದಲಾಯಿಸಿಕೊಂಡು ಹೊಡಕೊಂಡು ಹೋದ. ನಮ್ಮ ಹಗ್ಗ ಗೂಟದಲ್ಲೇ ಇದೆ. ಅಜ್ಜಿ ಬೆಳಿಗ್ಗೆ ಮಂಕರಿ ತಗೊಂಡು ಕೊಟ್ಟಿಗೆಗೆ ಹೋಗ್ತಾರೆ. ಖಾಲಿ ಮಂಕರಿ ವಾಪಸ್ ತರ್ತಾರೆ."

ಹನ್ನೊಂದು ದಿನಕ್ಕೆ ಉತ್ತರ ಬಂತು. ಧಾರವಾಡದ ಹುಡುಗ ದುಂಡಗಿನ ಅಕ್ಷರದಲ್ಲಿ ಬರೆದಿದ್ದ:

"ನಿಮ್ಮ ಎಮ್ಮಿ ಸುದ್ದಿ ಓದಿ ಭಾಳ ಬ್ಯಾಸರ ಆತು. ನಮ್ಮ ಅವ್ವಗೂ ಓದಿ ಹೇಳಿದೆ. ಆ ಹಗ್ಗ ಇನ್ನೂ ಗೂಟಕ್ಕ ಐತೇನು? ನಿಮ್ಮ ಅಜ್ಜಿ ಈಗ ಮುಂಜಾನೆ ಎದ್ದು ಏನ್ ಮಾಡ್ತಾರ?"

ಹುಡುಗ ಅದನ್ನು ಎರಡು ಸಲ ಓದಿದ. ತಿರುಗಿಸಿ ವಿಳಾಸ ನೋಡಿದ. ಮಧ್ಯಾಹ್ನ ಊಟದ ಬೆಲ್ ಹೊಡೆದಿತ್ತು, ಎಲ್ಲರೂ ತಟ್ಟೆ ಹಿಡಿದು ಓಡುತ್ತಿದ್ದರು. ಅವನು ನನ್ನ ಟೇಬಲ್ ಹತ್ತಿರ ಬಂದು ನಿಂತ.

"ಮೇಡಂ, ಇನ್ನೊಂದು ಕಾರ್ಡ್ ಅದಾ? ಹಗ್ಗದ್ದು ಹೇಳ್ಬೇಕು."